ಗಾಡಿಗೂ ಸೋಸಿದ ನೀರು

ಆ ಗಾಡಿಯಲ್ಲಿ ಕಾವು ತೋರಿಸುವ ಮುಳ್ಳು ಎಂದೋ ಸತ್ತುಹೋಗಿತ್ತು. ಹಾಲಸಿದ್ದ ಅದರ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಗಾಡಿ ಹತ್ತುವಾಗ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಬರಿಗಾಲನ್ನು ಹಲಗೆಯ ಮೇಲೆ ಊರಿ ಕೂರುತ್ತಿದ್ದ. ಇಂಜಿನ್ನಿನ ಕಾವು ಹಲಗೆಗೆ ಬಂದು, ಹಲಗೆಯಿಂದ ಅವನ ಅಂಗಾಲಿಗೆ ಹತ್ತುತ್ತಿತ್ತು. "ಮಾಸ್ತರ, ಇನ್ನ ಒಂದ ಮೈಲಿಗೆ ಕುದೀತೈತಿ ನೋಡ್ರಿ," ಎಂದನೆಂದರೆ ಸರಿಯಾಗಿ ಒಂದು ಮೈಲಿಗೆ ಗಾಡಿಯ ಮೂತಿಯಿಂದ ಹಬೆ ಏಳುತ್ತಿತ್ತು. ಮುಂದಾಗುವುದನ್ನು ಹೇಳುವವರನ್ನು ನಾನು ಜೀವಮಾನದಲ್ಲಿ ನಂಬಿದವನಲ್ಲ. ಹಾಲಸಿದ್ದನ ಅಂಗಾಲನ್ನು ಮಾತ್ರ ನಂಬಿದ್ದೆ.

ನಾನು ಗುರಣ್ಣ, ಕನ್ನಡ ಶಾಲೆಯ ಮಾಸ್ತರ. ಇಚಲಕರಂಜಿಯ ಚಾಳಿನಲ್ಲಿ ನನ್ನ ಕೋಣೆಗೂ ಹಾಲಸಿದ್ದನ ಕೋಣೆಗೂ ನಡುವೆ ಒಂದು ತಗಡಿನ ಗೋಡೆ ಇತ್ತು. ಅವರು ಕೆಮ್ಮಿದರೆ ನಮಗೆ ಎಚ್ಚರವಾಗುತ್ತಿತ್ತು, ನಾವು ಜಗಳವಾಡಿದರೆ ಅವನ ಹೆಂಡತಿ ತಂಗೆವ್ವ ಮರುದಿನ ನನ್ನ ಹೆಂಡತಿಯ ಪರ ತೀರ್ಪು ಕೊಡುತ್ತಿದ್ದಳು. ಹಾಲಸಿದ್ದ ರಾಯಬಾಗದ ಕಡೆಯವನು. ಹದಿನೆಂಟರ ವಯಸ್ಸಿಗೆ ಮಗ್ಗದ ಊರಿಗೆ ಬಂದು ಸೈಜಿಂಗಿಗೆ ಸೇರಿದ್ದ. ಸೈಜಿಂಗ್ ಎಂದರೆ ಮಗ್ಗಕ್ಕೆ ಏರುವ ನೂಲಿಗೆ ಗಂಜಿ ಕುಡಿಸಿ ಒಣಗಿಸುವ ಜಾಗ. ಗೋವಿನಜೋಳದ ಹಿಟ್ಟಿನ ಗಂಜಿ ಅಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಹಗಲೆಲ್ಲ ಕುದಿಯುತ್ತಿತ್ತು. ಆ ಹಬೆಯಲ್ಲಿ ಹತ್ತು ವರ್ಷ ನಿಂತ ಮೇಲೆ ಹಾಲಸಿದ್ದನ ಎದೆಯಲ್ಲಿ ಒಂದು ಕೆಮ್ಮು ಮನೆ ಮಾಡಿತು. ತಂಗೆವ್ವ ಕಷಾಯ ಕುದಿಸಿ ಕುದಿಸಿ ಸಾಕಾಗಿ, "ಆ ಹಬಿ ಬಿಡೂತನಾ ಇದು ಬಿಡೂದಿಲ್ಲ," ಎಂದು ಕೈಚೆಲ್ಲಿದ್ದಳು.

ಅವನು ಹಬೆಯಿಂದ ಹೊರಬಿದ್ದದ್ದು ಈ ಗಾಡಿಯ ಕುದಿಯುವ ಚಾಳಿಯಿಂದಲೇ.

ಗಾಡಿ ಯಡ್ರಾವದ ಆಬಾಸಾಹೇಬರದು. ಕಬ್ಬಿನ ಹೊಲ, ಮನೆಯ ಪಕ್ಕದ ಶೆಡ್ಡಿನಲ್ಲಿ ಹನ್ನೆರಡು ಮಗ್ಗ, ಊರ ಬಸದಿಯಲ್ಲಿ ಮುಂದಿನ ಸಾಲು, ಎಲ್ಲವೂ ಇದ್ದ ಜೈನರ ಮನೆ. ಮೋಟಾರು ಒಂದೇ ಇರಲಿಲ್ಲ. ಐವತ್ತೇಳರಲ್ಲಿ ಕೊಲ್ಹಾಪುರದ ಯಾರೋ ಸರದಾರರ ವಾಡೆ ಲಿಲಾವಿಗೆ, ಅಂದರೆ ಹರಾಜಿಗೆ, ಬಂತು. ಅಲ್ಲಿ ಬದನೆಕಾಯಿ ಬಣ್ಣದ, ಯುದ್ಧಕ್ಕೂ ಹಿಂದಿನ ಅಮೆರಿಕದ ಗಾಡಿಯೊಂದು ಧೂಳು ತಿನ್ನುತ್ತ ನಿಂತಿತ್ತು. ನಮ್ಮ ಆಬಾಸಾಹೇಬರು ಅದರ ಬಾಗಿಲು ತೆಗೆದು, ಚರ್ಮದ ಸೀಟಿನ ಮೇಲೆ ಒಮ್ಮೆ ಕೂತು, ಅಲ್ಲಿಯೇ ಮರುಳಾದರು. ಇಂಜಿನ್ ಬಿರುಕು ಬಿಟ್ಟಿದೆ ಎಂಬ ಸಣ್ಣ ಸಂಗತಿ ಆಮೇಲೆ ಗೊತ್ತಾಯಿತು.

ಕೊಲ್ಹಾಪುರದ ಮಿಸ್ತ್ರಿಗಳಿಗೆ ಆಗುವುದಿಲ್ಲ ಎಂಬ ಮಾತೇ ಬರುವುದಿಲ್ಲ. ಒಬ್ಬ ಮಿಸ್ತ್ರಿ ಮಿಲಿಟರಿಯವರು ಮಾರಿಹಾಕಿದ ಲಾರಿಯ ಇಂಜಿನ್ ತಂದು, ಗಾಡಿಯ ಹೊಟ್ಟೆಯನ್ನು ಅಲ್ಲಲ್ಲಿ ಕೊಯ್ದು, ಒಳಗೆ ತುರುಕಿಯೇ ಬಿಟ್ಟ. ಹಳೆಯ ಇಂಜಿನ್ನಿಗಿಂತ ಇದು ಒಂದೂವರೆ ಪಟ್ಟು ದೊಡ್ಡದು. ಗಾಡಿ ಕಿತ್ತುಕೊಂಡು ಓಡಿತು. ಆದರೆ ಮೂತಿಯಲ್ಲಿದ್ದ ರೇಡಿಯೇಟರು ಮೊದಲಿನದೇ. ದೊಡ್ಡ ಇಂಜಿನ್ನಿನ ಕಾವನ್ನು ಆ ಸಣ್ಣ ರೇಡಿಯೇಟರಿನ ನೀರು ಎಷ್ಟಂತ ಹೊತ್ತು ತಣಿಸೀತು? ಎಮ್ಮೆಯ ಹಾಲು ಕರೆಯಲು ಸಣ್ಣ ಚೊಂಬು ಹಿಡಿದು ಕೂತ ಹಾಗಾಯಿತು. ಐದು ಮೈಲಿಗೊಮ್ಮೆ ಗಾಡಿ ಕುದಿಯುವುದು, ಆಬಾಸಾಹೇಬರು ತಲೆಯ ಮೇಲಿನ ಜರಿಯ ಪಟಗಾ ತೆಗೆದು ಗಾಳಿ ಬೀಸಿಕೊಳ್ಳುತ್ತ ರಸ್ತೆಯ ಬದಿಗೆ ನಿಲ್ಲುವುದು, ಹಾದುಹೋಗುವ ಚಕ್ಕಡಿಯವರು ನಗುವುದು, ಇದೇ ಆಯಿತು. ಎರಡು ವರ್ಷದಲ್ಲಿ ಮೂವರು ಡ್ರೈವರುಗಳು ಕೆಲಸ ಬಿಟ್ಟರು.

ಒಂದು ದಿನ ಗಾಡಿ ಸೈಜಿಂಗಿನ ಎದುರಿಗೇ ಕುದಿದು ನಿಂತಿತು. ಒಳಗೆ ಹಬೆ, ಹೊರಗೂ ಹಬೆ. ಹಾಲಸಿದ್ದ ಕೈ ಒರೆಸಿಕೊಳ್ಳುತ್ತ ಬಂದು, ಬಗ್ಗಿ ಮೂತಿಯೊಳಗೆ ಇಣುಕಿ, ರೇಡಿಯೇಟರಿನ ಸಂದಿಯಿಂದ ಬೆರಳಲ್ಲಿ ಏನನ್ನೋ ಕಿತ್ತು ತೋರಿಸಿದ. ಹತ್ತಿಯ ನವಿರು. ಗಾಡಿ ರಾತ್ರಿ ಹಗಲು ಮಗ್ಗದ ಶೆಡ್ಡಿಗೆ ಹಚ್ಚಿ ನಿಲ್ಲುತ್ತಿತ್ತಲ್ಲ, ಮಗ್ಗದಿಂದ ಹಾರಿದ ನವಿರೆಲ್ಲ ಬಂದು ಸಂದುಗಳಲ್ಲಿ ಕೌದಿಯಂತೆ ಕೂತಿತ್ತು.

"ಸಾವ್ಕಾರ, ಇದು ಉಸಿರಾಡಾಕ ಜಾಗಾನ ಇಲ್ಲಲ್ರಿ," ಎಂದ. ಹೇಳಿ ತಾನೇ ಕೆಮ್ಮಿದ.

ಮಗ್ಗ ಒರೆಸುವ ಕುಂಚ ತಂದು ಅರ್ಧ ಗಂಟೆ ತಿಕ್ಕಿದ. ಆ ದಿನ ಗಾಡಿ ಯಡ್ರಾವದವರೆಗೆ ಕುದಿಯದೆ ಹೋಯಿತು. ಮರುವಾರ ಆಬಾಸಾಹೇಬರು ಅವನನ್ನು ಕರೆಸಿಕೊಂಡರು, ಅವನು ಗಾಡಿ ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿದ, ಖಾಕಿ ಅಂಗಿ ಹೊಲಿಸಿದ. ಆರು ತಿಂಗಳಲ್ಲಿ ಕೆಮ್ಮು ನಿಂತಿತು. ತಗಡಿನ ಗೋಡೆಯ ಈಚೆಗೆ ನಮಗೂ ನಿದ್ದೆ ಬಂತು, ಆದ್ದರಿಂದ ಆ ಗಾಡಿಯ ಬಗ್ಗೆ ನನಗೂ ಒಂದಿಷ್ಟು ಕೃತಜ್ಞತೆ ಇದೆ.

ಮುಂದೆ ಹಾಲಸಿದ್ದ ಕಾವಿನ ಬೆನ್ನು ಹತ್ತಿದ. ಇಂಜಿನ್ನಿನ ಫ್ಯಾನು ರೇಡಿಯೇಟರಿನಿಂದ ಒಂದು ಗೇಣು ಹಿಂದೆ ತಿರುಗುತ್ತಿತ್ತು, ಹಾಗಾಗಿ ಅದು ಹೊರಗಿನ ತಂಪು ಗಾಳಿ ಎಳೆಯುವ ಬದಲು ಒಳಗಿನ ಬಿಸಿ ಗಾಳಿಯನ್ನೇ ಕಲಕುತ್ತಿತ್ತು. ಚಿಮಣಿ ಎಣ್ಣೆಯ ಡಬ್ಬಿಗಳನ್ನು ಕತ್ತರಿಸಿ ಫ್ಯಾನಿನ ಸುತ್ತ ತಗಡಿನ ಬಳೆ ಕಟ್ಟಿದ, ಗಾಳಿ ರೇಡಿಯೇಟರಿನ ಮೂಲಕವೇ ಬರಬೇಕು ಎಂದು. ನಾಲ್ಕು ರೆಕ್ಕೆಯ ಫ್ಯಾನು ತೆಗೆದು ಲಾರಿಯ ಆರು ರೆಕ್ಕೆಯದನ್ನು ಕೂರಿಸಿದ. ಬಾನೆಟ್ಟಿನ ಎರಡೂ ಪಕ್ಕದ ತಗಡು ಬಿಚ್ಚಿಹಾಕಿದ, ಬಿಸಿ ಹೊರಗೆ ಹೋಗಲಿ ಎಂದು. ಗಾಡಿ ನೋಡಲು ಅಂಗಿಯ ಗುಂಡಿ ಬಿಚ್ಚಿದವನಂತೆ ಕಾಣುತ್ತಿತ್ತು. ಆಬಾಸಾಹೇಬರಿಗೆ ಅದು ಸ್ವಲ್ಪ ನೋವು. ಆದರೆ ಬಯಲಿನಲ್ಲಿ, ಅಂದರೆ ಇಚಲಕರಂಜಿ, ಜಯಸಿಂಗಪುರ, ನಾಂದಣಿ, ಕೊಲ್ಹಾಪುರ, ಇಷ್ಟರಲ್ಲಿ ಗಾಡಿ ಕುದಿಯುವುದು ನಿಂತಿತು. ಬೆಟ್ಟದ ಘಾಟು ಹತ್ತುವ ಪ್ರಸಂಗ ಬಂದಿರಲಿಲ್ಲ.

ಇನ್ನು ನೀರಿನ ಮಾತು. ಆಬಾಸಾಹೇಬರ ತಾಯಿ ಮಾಣಿಕಬಾಯಿಯವರು ಎಪ್ಪತ್ತರ ಹತ್ತಿರದವರು. ಜೈನರ ಮನೆಯಲ್ಲಿ ನೀರನ್ನು ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸದೆ ಬಳಸುವುದಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ತೊಳೆದು, ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುತ್ತಾರೆ. ಹಾಲಸಿದ್ದ ಬಂದ ಹೊಸತರಲ್ಲಿ ಬಾವಿಯಿಂದ ಬಕೀಟು ಸೇದಿ ನೇರ ಗಾಡಿಗೆ ಸುರಿಯುವುದನ್ನು ಮಾಣಿಕಬಾಯಿ ನೋಡಿದರು.

"ಅದರಾಗ ಕುದಿಯೂದು ನೀರ ಅಷ್ಟ ಏನೋ? ಸೋಸಿ ಹಾಕು."

"ಅವ್ವಾ, ಇದು ಗಾಡೀರಿ, ಇದಕ್ಯಾತರ ಮಡಿ?"

"ಗಾಡಿಗಿಲ್ಲ. ನನಗೈತಿ."

ಆಬಾಸಾಹೇಬರು ನಕ್ಕರು, ಆದರೆ ತಾಯಿಯ ಮಾತಿಗೆ ಎದುರಾಡಲಿಲ್ಲ. ಅಂದಿನಿಂದ ಗಾಡಿಗೂ ಸೋಸಿದ ನೀರು. ದೂರದ ಪ್ರಯಾಣಕ್ಕೆ ಸೋಸಿದ ನೀರಿನ ಎರಡು ತಾಮ್ರದ ಕೊಡ, ಒಂದು ಸೋಸುವ ಬಟ್ಟೆ ಹಿಂದಿನ ಡಿಕ್ಕಿಯಲ್ಲಿ ಇರಲೇಬೇಕು. ಚಾಳಿಗೆ ಬಂದು ಹಾಲಸಿದ್ದ ಈ ಬಗ್ಗೆ ಗೊಣಗುತ್ತಿದ್ದ. ನಾನೂ ಅವನ ಜೊತೆ ಸೇರಿ ನಗುತ್ತಿದ್ದೆ. ಒಂದು ವರ್ಷದ ಮೇಲೆ ರೇಡಿಯೇಟರಿನ ತಳ ಬಿಚ್ಚಿದಾಗ ಒಂದು ಚಮಚೆ ಕೆಸರೂ ಬೀಳಲಿಲ್ಲವಂತೆ. ಅಂದಿನಿಂದ ಅವನು ಗೊಣಗುವುದು ಬಿಟ್ಟ, ನಾನು ನಗುವುದು ಬಿಟ್ಟೆ.

ಮಾಣಿಕಬಾಯಿಯವರಿಗೆ ಗಡಿಂಗ್ಲಜದಲ್ಲಿ ರತ್ನಮಾಲಾ ಎಂಬ ಅಕ್ಕ ಇದ್ದರು. ವಯಸ್ಸು ಎಪ್ಪತ್ತೆಂಟು, ಕಣ್ಣಿಗೆ ಪೊರೆ ಬಂದು ಹಗಲು ರಾತ್ರಿ ಒಂದೇ ಆಗಿತ್ತು. ಅಕ್ಕ ತಂಗಿ ಒಬ್ಬರನ್ನೊಬ್ಬರು ಮುಟ್ಟಿ ಮಾತಾಡಿಸಿ ಏಳು ವರ್ಷವಾಗಿತ್ತು. ಮಾಣಿಕಬಾಯಿಯವರಿಗೆ ಬಸ್ಸು ಹತ್ತಿದರೆ ವಾಂತಿ. ಜೈನರ ವ್ರತದಂತೆ ಇಬ್ಬರೂ ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಉಣ್ಣುವವರಲ್ಲ, ಒಂದು ಗುಟುಕು ನೀರು ಕುಡಿಯುವವರೂ ಅಲ್ಲ. ಅರವತ್ತೆರಡರ ಜನವರಿಯಲ್ಲಿ ಅಕ್ಕನಿಂದ ಕಾಗದ ಬಂತು: ಸಾಯುವುದರೊಳಗೆ ಒಮ್ಮೆ ನಿನ್ನ ಜೊತೆ ಒಂದೇ ತಾಟಿನಲ್ಲಿ ಉಣ್ಣಬೇಕು. ಬೇರೇನೂ ಬರೆಸಿರಲಿಲ್ಲ.

ಹೊರಡುವ ದಿನ ಗೊತ್ತಾಯಿತು. ಗಡಿಂಗ್ಲಜ ನನ್ನ ಮಾವನ ಊರು. ಪುಕ್ಕಟೆ ಸವಾರಿ ಸಿಕ್ಕರೆ ಮಾವನ ಮೇಲೆ ನನ್ನ ಪ್ರೀತಿ ಉಕ್ಕುತ್ತದೆ. ಮುಂದಿನ ಸೀಟು ಹಿಡಿದೆ.

ಹೊರಡುವ ಎರಡು ದಿನ ಮುಂಚೆ ರೇಡಿಯೇಟರಿನ ತಳದ ಬೆಸುಗೆ ಬಿಟ್ಟು ಹನಿ ಹನಿ ಸೋರತೊಡಗಿತ್ತು. ಬೆಸುಗೆಯವನು ಊರಲ್ಲಿರಲಿಲ್ಲ. ಹಾಲಸಿದ್ದ ಹೇಳಬೇಕಿತ್ತು, ಪ್ರಯಾಣ ಮುಂದೂಡಿಸಬೇಕಿತ್ತು. ಆದರೆ ಹತ್ತು ವರ್ಷ ಗಂಜಿ ಕಾಸಿದ ತಲೆ ಅದು. ನೂಲಿನ ಎಳೆಯ ಸಂದು ಮುಚ್ಚುವ ಗಂಜಿ ತಗಡಿನ ಸಂದು ಮುಚ್ಚಲಾರದೇ ಎಂದು ಹಳೆಯ ಸೈಜಿಂಗಿಗೆ ಹೋಗಿ ಒಂದು ಚರಿಗೆ ತೆಳು ಗಂಜಿ ತಂದು, ಯಾರಿಗೂ ಹೇಳದೆ ರೇಡಿಯೇಟರಿಗೆ ಹೊಯ್ದ. ಬೇರೆ ಊರಿನ ಯಾವ ಡ್ರೈವರನಿಗೂ ಈ ಬುದ್ಧಿ ಹೊಳೆಯಲಿಕ್ಕಿಲ್ಲ. ಸೋರುವುದು ನಿಂತಿತು. ಅವನಿಗೆ ತನ್ನ ಜಾಣತನದ ಮೇಲೆ ಭಾರೀ ಹೆಮ್ಮೆಯಾಯಿತು.

ಮಾಣಿಕಬಾಯಿ ಬಸದಿಗೆ ಹೋಗಿಬಂದು, ಊಟ ಮಾಡಿ, ಹನ್ನೆರಡಕ್ಕೆ ಗಾಡಿ ಹತ್ತಿದರು. ಐವತ್ತು ಮೈಲಿ ದಾರಿ. ನಾಲ್ಕಕ್ಕೆ ಮುಟ್ಟಿ, ಹೊತ್ತಿರುವಾಗಲೇ ಸಂಜೆಯ ಊಟ ಅಕ್ಕನ ಜೊತೆ, ಎಂಬುದು ಲೆಕ್ಕ. ಕಾಗಲ ದಾಟುವುದರೊಳಗೆ ಹಾಲಸಿದ್ದ ಎರಡು ಸಲ ಕಾಲು ಎತ್ತಿ ಇಟ್ಟ. ನಿಪ್ಪಾಣಿಯ ಮುಂಚೆ ಒಮ್ಮೆ ಕುದಿಯಿತು, ನಿಪ್ಪಾಣಿಯಲ್ಲಿ ಒಮ್ಮೆ. ತವಂದಿ ಘಾಟಿನ ಏರಿನಲ್ಲಿ ಫರ್ಲಾಂಗಿಗೊಮ್ಮೆ ನಿಂತಿತು. ಎರಡೂ ಕೊಡ ಖಾಲಿಯಾದವು. ಆಬಾಸಾಹೇಬರು ಮಾತಾಡುವುದನ್ನು ಬಿಟ್ಟು ಮೀಸೆ ತಿರುವತೊಡಗಿದರು. ಅವರು ಬೈದರೆ ಪರವಾಗಿಲ್ಲ, ಮೀಸೆ ತಿರುವಿದರೆ ಕಷ್ಟ.

ಘಾಟಿನ ನಡುವೆ ಬಾವಿಯೂ ಇಲ್ಲ, ಹಳ್ಳವೂ ಇಲ್ಲ. ಹಾಲಸಿದ್ದ ಬಕೀಟು ಇಟ್ಟು ಕೆಳಗಿನ ರಬ್ಬರು ನಳಿಗೆ ಬಿಚ್ಚಿದ. ಹೊಳೆಯಂತೆ ಬರಬೇಕಾದ ನೀರು ಮಗು ಉಚ್ಚೆ ಹೊಯ್ದಷ್ಟು ಬಂತು. ಆ ನೀರನ್ನೇ ಆರಿಸಿ ಮತ್ತೆ ಹೊಯ್ಯಬೇಕು, ಬೇರೆ ದಾರಿ ಇಲ್ಲ. ಮಾಣಿಕಬಾಯಿ ಗಾಡಿಯಿಂದಿಳಿದು, ರೂಢಿಯಂತೆ ಸೋಸುವ ಬಟ್ಟೆಯನ್ನು ಮಡಿಚಿ ರೇಡಿಯೇಟರಿನ ಬಾಯಿಗೆ ಹಿಡಿದರು. ಹಾಲಸಿದ್ದ ಹೊಯ್ದ. ಬಟ್ಟೆಯಲ್ಲಿ ಬೂದು ಬಣ್ಣದ ಲೋಳೆ ಉಳಿಯಿತು. ಮುದುಕಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದರು. ಮನೆಯಲ್ಲಿ ಹನ್ನೆರಡು ಮಗ್ಗ ಇರುವವರಿಗೆ ಗಂಜಿಯ ಗುರುತು ಹೇಳಿಕೊಡಬೇಕೇ? ಅವರು ಹಾಲಸಿದ್ದನ ಮುಖ ನೋಡಿದರು. ಅವನು ನೆಲ ನೋಡಿದ. ಆಬಾಸಾಹೇಬರು ಆಚೆ ಕಲ್ಲಿನ ಮೇಲೆ ಬೆನ್ನು ತಿರುವಿ ಕೂತಿದ್ದರು. ಮಾಣಿಕಬಾಯಿ ಬಟ್ಟೆ ಮಡಿಚಿ ಸೆರಗಿನಲ್ಲಿ ಇಟ್ಟುಕೊಂಡರು.

ಗಡಿಂಗ್ಲಜದ ಮನೆಯ ಮುಂದೆ ಗಾಡಿ ನಿಂತಾಗ ಹೊತ್ತು ಮುಳುಗಿ ಕಾಲು ಗಂಟೆಯಾಗಿತ್ತು. ಆಕಾಶದಲ್ಲಿ ಇನ್ನೂ ಬೆಳಕಿತ್ತು. ರತ್ನಮಾಲಾಬಾಯಿ ತಂಗಿಯ ಜೊತೆಗೇ ಉಣ್ಣುತ್ತೇನೆಂದು ಬೆಳಗಿನಿಂದ ಏನೂ ತಿಂದಿರಲಿಲ್ಲ. ಪಡಸಾಲೆಯಲ್ಲಿ ತಾಟು ಮುಚ್ಚಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. ತಂಗಿಯ ಕೆನ್ನೆ, ಕಿವಿ, ಕೂದಲು ಎಲ್ಲ ಸವರಿ ಆದ ಮೇಲೆ ಕೇಳಿದರು, "ಹೊತ್ತ ಮುಳುಗೇತೇನು?"

"ಇನ್ನೂ ಐತ್ರಿ ಅತ್ತಿ, ಉಣ್ರಿ," ಎಂದಳು ಸೊಸೆ ಛಾಯಾ. ಹಸಿದ ಮುದುಕಿಯ ಮೇಲಿನ ಕರುಣೆ ಅದು, ತಪ್ಪು ಎನ್ನಲಾರೆ.

"ನೀ ಸುಮ್ಮನಿರು. ನೀವೆಲ್ಲಾ ನನ್ನ ಹೊಟ್ಟಿ ನೋಡಿ ಹೊತ್ತ ಹೇಳ್ತೀರಿ. ಗಾಡಿಯಂವ ಎಲ್ಲದಾನ? ಅಂವ ಪರಸ್ಥಳದಂವ. ಅಂವ ಹೇಳ್ಲಿ."

ಹಾಲಸಿದ್ದ ಖಾಲಿ ಕೊಡ ಹೊತ್ತು ಬಾಗಿಲಲ್ಲಿ ನಿಂತಿದ್ದ. ಮುಳುಗಿಲ್ಲ ಅನ್ನು ಎಂದು ಛಾಯಾ ಕೈಸನ್ನೆ ಮಾಡಿದಳು. ನಾನೂ, ನಾಚಿಕೆ ಬಿಟ್ಟು ಹೇಳುತ್ತೇನೆ, ತಲೆ ಅಲ್ಲಾಡಿಸಿ ಸನ್ನೆ ಮಾಡಿದೆ. ಅವನು ಹೊತ್ತ ಕೊಡವನ್ನು ನೆಲಕ್ಕಿಟ್ಟ.

"ಮುಳುಗೇತ್ರಿ ಅವ್ವಾ," ಎಂದ.

ರತ್ನಮಾಲಾಬಾಯಿ ತಾಟನ್ನು ಎರಡೂ ಕೈಯಿಂದ ಮುಂದಕ್ಕೆ ಸರಿಸಿದರು. ಅಂದು ಅಕ್ಕ ತಂಗಿ ಇಬ್ಬರೂ ನೀರು ಸಹ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಒಂದೇ ತಾಟಿನಲ್ಲಿ ಉಣ್ಣೋಣವೆಂದರೆ ಅಕ್ಕನಿಗೆ ಹಸಿವಿನ ಪಿತ್ತಕ್ಕೆ ಜ್ವರ ಬಂದು ಬರೀ ಗಂಜಿನೀರು ಕುಡಿದರು. ಹಾಲಸಿದ್ದನಿಗೆ ಆ ಗಂಜಿಯ ಬಟ್ಟಲು ನೋಡುವುದಾಗಲಿಲ್ಲ. ಎದ್ದು ಹೊರಗೆ ಹೋದ.

ದಾರಿಯುದ್ದಕ್ಕೂ ಕುದಿಯುತ್ತಲೇ ಯಡ್ರಾವಕ್ಕೆ ಮರಳಿದ ಕೂಡಲೇ ಆಬಾಸಾಹೇಬರು ಬಾಯಿ ಬಿಟ್ಟರು. "ಬಸ್ ಝಾಲಂ, ಸಾಕಾತು. ಕೊಲ್ಹಾಪುರದ ಗುಜರಿಯಂವಗ ಹೇಳಿ ಕಳಸ್ತೇನಿ. ಇಪ್ಪತ್ತ ದಿನಕ್ಕ ಬಂದು ಒಯ್ಲಿ ಈ ಖಟಾರಾ. ಹಾಲಸಿದ್ದ, ನಿನಗ ಸೈಜಿಂಗಿನಾಗ ಮತ್ತ ಹೇಳಿ ಕೊಡ್ತೇನಿ."

ಚಾಳಿನಲ್ಲಿ ತಂಗೆವ್ವ ಸುದ್ದಿ ಕೇಳಿದಳು. ಒಲೆಯ ಹಿಂದಿನಿಂದ ಹಳೆಯ ಕಷಾಯದ ಗಡಿಗೆ ಹೊರಗೆ ತೆಗೆದು ತೊಳೆದಿಟ್ಟಳು.

ಮರುದಿನ ಹಾಲಸಿದ್ದ ಯಡ್ರಾವಕ್ಕೆ ಹೋದಾಗ ಅಂಗಳದ ಹಗ್ಗದ ಮೇಲೆ ಆ ಸೋಸುವ ಬಟ್ಟೆ ಒಣಗುತ್ತಿತ್ತಂತೆ. ಒಗೆದರೂ ನಡುವೆ ಅಂಗೈ ಅಗಲ ಬಿರುಸಾಗಿ ನಿಂತಿತ್ತು, ಇಸ್ತ್ರಿಯ ಗಂಜಿ ಹಾಕಿದ ಹಾಗೆ. ಅವನು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ. ನಂತರ ಒಳಗೆ ಹೋಗಿ ಆಬಾಸಾಹೇಬರ ಮುಂದೆ ನಿಂತು ಹೇಳಿದ, "ಸಾವ್ಕಾರ, ಗಾಡೀದು ತಪ್ಪಿಲ್ರಿ. ಸೋರತಿತ್ತು ಅಂತ ನಾನ ಗಂಜಿ ಹಾಕೀನ್ರಿ ಅದರಾಗ. ಹಿರೇರಿಬ್ಬರು ಉಪಾಸ ಬಿದ್ದದ್ದು ನನ್ನಿಂದ್ರಿ."

ಆಬಾಸಾಹೇಬರು ಬೈದರು. ಚೆನ್ನಾಗಿಯೇ ಬೈದರು, ಕನ್ನಡ ಮರಾಠಿ ಎರಡೂ ಭಾಷೆಯಲ್ಲಿ. ಮಾಣಿಕಬಾಯಿ ಕಟ್ಟೆಯ ಮೇಲೆ ಬೇಳೆ ಆರಿಸುತ್ತ ಕೂತಿದ್ದರು. ಮಗನ ಬೈಗುಳ ಮುಗಿಯುವವರೆಗೆ ಕಾದು, "ಆತಲ್ಲ? ಗುಜರಿಯಂವ ಬರೂದರೊಳಗ ನಾ ಮತ್ತ ಗಡಿಂಗ್ಲಜಕ ಹೋಗಾಕಿ. ಇದ ಗಾಡಿಯಾಗ, ಇವನ ಕೈಲಿ. ಹನ್ನೆರಡಕ್ಕ ಹೊಂಡೂದು. ಹೊತ್ತಿರತ ಮುಟ್ಟಿದ್ರ ಗಾಡಿ ಇಲ್ಲೇ ಇರ್ತೈತಿ," ಎಂದರು.

"ಆಯೀ, ಮುಟ್ಟದಿದ್ರ?"

"ಮುಟ್ಟದಿದ್ರ ಮಾರು."

ಹಾಲಸಿದ್ದ ಹಿಂದಿನಿಂದ ಹೋಗಿ ಕೇಳಿದನಂತೆ, "ಅವ್ವಾ, ನಿಮಗ ಘಾಟಿನಾಗ ಗೊತ್ತಾಗಿತ್ತು. ಮನೀಗೆ ಬಂದ ಮ್ಯಾಲೂ ಯಾಕ ಹೇಳಲಿಲ್ರಿ?"

"ನೀ ಹೇಳ್ತಿ ಅಂತ ಗೊತ್ತಿತ್ತು. ನಮ್ಮ ಅಕ್ಕಗ ಹೊತ್ತು ಮುಳುಗೇತಿ ಅಂದಂವ ನೀನು."

ಈಗ ರೇಡಿಯೇಟರಿನ ಒಳಗಿನ ಸಣ್ಣ ನಳಿಗೆಗಳಲ್ಲೆಲ್ಲ ಕಟ್ಟಿಕೂತ ಗಂಜಿ ತೆಗೆಯುವ ಕೆಲಸ. ಬಿಸಿನೀರು ಹೊಯ್ದರೆ ಗಂಜಿ ಇನ್ನೂ ಗಟ್ಟಿಯಾಯಿತು. ತಂತಿ ಹಾಕಿ ಕೆದಕಿದರೆ ನಳಿಗೆ ತೂತಾಗುವ ಭಯ. ನಾಲ್ಕು ದಿನ ಅವನು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇರುತ್ತಿದ್ದ. ಐದನೆಯ ದಿನ ತಂಗೆವ್ವ, ನಮ್ಮ ಕೂಸಿಗೆ ನಾಚಣಿಯ, ಅಂದರೆ ರಾಗಿಯ, ಅಂಬಲಿ ಮಾಡಿಕೊಡುತ್ತಿದ್ದವಳು, ಇದ್ದಕ್ಕಿದ್ದಂತೆ ಸೌಟು ಹಿಡಿದೇ ಹೊರಗೆ ಬಂದಳು.

"ಅಲ್ರಿ, ಮೊಳಕಿ ಬರಿಸಿದ ನಾಚಣಿ ಹಿಟ್ಟಿನ ಅಂಬಲಿ ಎಷ್ಟ ಕಾಸಿದ್ರೂ ಗಟ್ಟಿ ಆಗೂದಿಲ್ಲ, ನೀರ ನೀರ ಆಗತೈತಿ. ಗಟ್ಟಿ ಅಂಬಲಿಗೆ ಒಂದ ಚಮಚೆ ಮೊಳಕಿ ಹಿಟ್ಟು ಹಾಕಿದ್ರ ಅದೂ ಕರಗತೈತಿ. ನಿಮ್ಮ ಗಾಡಿ ಗಂಜಿ ಬ್ಯಾರೇ ಏನ?"

ನಾನು ಮಾಸ್ತರ. ಇದು ಹೇಗೆ ಆಗುತ್ತದೆಂದು ನನ್ನನ್ನು ಕೇಳಿದರೆ ಹೇಳಲು ಗೊತ್ತಿರಲಿಲ್ಲ, ಆದ್ದರಿಂದ ಆಗಲಿಕ್ಕಿಲ್ಲ ಎಂದೆ. ಯಾರೂ ನನ್ನ ಮಾತು ಕೇಳಲಿಲ್ಲ. ಎರಡು ಸೇರು ನಾಚಣಿ ನೆನೆಹಾಕಿ, ಮೊಳಕೆ ಬರಿಸಿ, ಬಿಸಿಲಿಗೆ ಒಣಗಿಸಿ, ಬೀಸಿ, ಬೆಚ್ಚಗಿನ ನೀರಿನಲ್ಲಿ ಕದಡಿ, ಸೋಸಿ, ಅದನ್ನು ಗಾಡಿಗೆ ಕುಡಿಸಿದರು. ಸೋಸಿದ್ದು ಮಾಣಿಕಬಾಯಿಯವರದೇ ಆ ಕಲೆಯಾದ ಬಟ್ಟೆಯಲ್ಲಿ. ಹಾಲಸಿದ್ದ ರೇಡಿಯೇಟರಿಗೆ ಗೋಣಿ ಹೊದಿಸಿ ಕೂತ, ಬಾಣಂತಿಯನ್ನು ನೋಡಿಕೊಂಡ ಹಾಗೆ. ಆಗಾಗ ಇಂಜಿನ್ ಚಾಲೂ ಮಾಡಿ ಉಗುರುಬೆಚ್ಚಗೆ ಇಟ್ಟ. ಮರುದಿನ ಮಧ್ಯಾಹ್ನ ನಳಿಗೆ ಬಿಚ್ಚಿದರೆ ಮಜ್ಜಿಗೆಯಂಥ ತೆಳು ನೀರು ಧಾರಾಳ ಬಂತು. ಮೂರು ಸಲ ಹಾಗೆ ಮಾಡಿದ. ಮೂರನೆಯ ಸಲ ಬಂದ ನೀರನ್ನು ಬೆರಳಲ್ಲಿ ತಿಕ್ಕಿದರೆ ಅಂಟಲಿಲ್ಲ. ಆಮೇಲೆ ಬೆಸುಗೆಯವನನ್ನು ಕರೆದು ತಳಕ್ಕೆ ಸರಿಯಾಗಿ ಬೆಸುಗೆ ಹಾಕಿಸಿದ, ಮೊದಲೇ ಮಾಡಬೇಕಾಗಿದ್ದ ಕೆಲಸ.

ಎರಡನೆಯ ಪ್ರಯಾಣಕ್ಕೆ ನಾನು ಮತ್ತೆ ಮುಂದಿನ ಸೀಟಿನಲ್ಲಿ. ಮಾವನಿಗೆ ನನ್ನ ಪ್ರೀತಿಯ ಮೇಲೆ ಅನುಮಾನ ಬಂದಿರಬೇಕು. ಗಾಡಿ ಹನ್ನೆರಡಕ್ಕೆ ಹೊರಟಿತು. ಕಾಗಲ ದಾಟಿತು, ನಿಪ್ಪಾಣಿಯ ತಂಬಾಕಿನ ವಾಸನೆ ದಾಟಿತು, ಹಾಲಸಿದ್ದನ ಕಾಲು ಹಲಗೆಯ ಮೇಲೆ ನಿಶ್ಚಿಂತವಾಗಿತ್ತು. ತವಂದಿ ಘಾಟು ಶುರುವಾದದ್ದೇ ಅವನು ಗೇರು ಇಳಿಸಿದ, ಇಂಜಿನ್ ಜೋರಾಗಿ ತಿರುಗಲಿ, ಅದರ ಜೊತೆ ಫ್ಯಾನೂ ತಿರುಗಲಿ ಎಂದು. ಅರ್ಧ ಏರು ಹತ್ತಿದ ಮೇಲೆ, ಹಬೆಯಿಲ್ಲ, ಶಬ್ದವಿಲ್ಲ, ಏನೂ ಇಲ್ಲದೆ, ಗಾಡಿಯನ್ನು ಗಾಳಿಗೆ ಮುಖ ಮಾಡಿ ಪಕ್ಕಕ್ಕೆ ನಿಲ್ಲಿಸಿದ. ಇಂಜಿನ್ ಮಾತ್ರ ಆರಿಸಲಿಲ್ಲ.

"ಯಾಕ ನಿಂದ್ರಿಸಿದಿ?" ಎಂದರು ಆಬಾಸಾಹೇಬರು. ಕೈ ಮೀಸೆಯ ಹತ್ತಿರ ಹೋಗಿತ್ತು.

"ಕಾಲಿಗೆ ಹತ್ತಾಕತ್ತೇತ್ರಿ. ಕುದ್ದ ಮ್ಯಾಲ ನಿಂತ್ರ ತಾಸ ಹೊಕ್ಕೈತಿ. ಕುದಿಯೂಕಿಂತ ಮೊದಲ ನಿಂತ್ರ ಹತ್ತ ಮಿನೀಟು."

ಹತ್ತು ಮಿನಿಟು ಇಪ್ಪತ್ತಾಯಿತು. ಒಂದೊಂದು ಮಿನಿಟೂ ನನ್ನ ಎದೆಯ ಮೇಲೆ ಹಾದುಹೋಯಿತು. ಅಷ್ಟರಲ್ಲಿ ನಮ್ಮ ಮುಂದೆ ಒಂದು ಲಾರಿ ಹಬೆ ಕಾರುತ್ತ ಬಂದು ನಿಂತಿತು. ಅದರ ಡ್ರೈವರು ನೀರಿಗಾಗಿ ಅತ್ತಿತ್ತ ನೋಡಿದ. ಮಾಣಿಕಬಾಯಿ, "ನಮ್ಮದೊಂದು ಕೊಡ ಕೊಡೋ ಅವಂಗ," ಎಂದರು. ಹಾಲಸಿದ್ದನ ಮುಖ ನೋಡಬೇಕಿತ್ತು. ಎರಡೇ ಕೊಡ, ಅರ್ಧ ಘಾಟು ಉಳಿದಿದೆ, ಸೈಜಿಂಗಿನ ಹಂಡೆ ಕಾಯುತ್ತಿದೆ. ಆದರೂ ಡಿಕ್ಕಿ ತೆಗೆದು ಒಂದು ಕೊಡ ಇಳಿಸಿ ಕೊಟ್ಟ. ಮರಳಿ ಬಂದು ಹಲಗೆಯ ಮೇಲೆ ಕಾಲೂರಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಕೂತು, "ಹೊಂಡೂಣ್ರಿ," ಎಂದ. ಉಳಿದ ಕೊಡ ಬೇಕಾಗಲೇ ಇಲ್ಲ. ಘಾಟಿನ ನೆತ್ತಿ ದಾಟಿ ಇಳಿಜಾರು ಸಿಕ್ಕಾಗ ಆಬಾಸಾಹೇಬರು ಕೈಯನ್ನು ಮೀಸೆಯಿಂದ ತೆಗೆದು, ಬೀಸುವ ಗಾಳಿಗೆ ಪಟಗಾ ಸರಿಮಾಡಿಕೊಂಡರು. ಹಿಂದಿನ ಸೀಟಿನಲ್ಲಿ ಸರದಾರನ ಹಾಗೆ ಕಾಲು ಚಾಚಿದರು.

ಗಾಡಿ ಮುಂದೆ ಏಳು ವರ್ಷ ಓಡಿತು. ಹಾಲಸಿದ್ದ ಮತ್ತೆ ಗಂಜಿಯ ಹಂಡೆಯ ಹತ್ತಿರ ಹೋಗಲಿಲ್ಲ, ಕೆಮ್ಮಲಿಲ್ಲ. ತಾನು ಕಂಡ ಕಂಡ ಕಾಲುವೆಯಲ್ಲಿ ಬೊಗಸೆಯೊಡ್ಡಿ ಕುಡಿಯುತ್ತಿದ್ದ. ಗಾಡಿಗೆ ಮಾತ್ರ ಕೊನೆಯ ದಿನದವರೆಗೂ ಸೋಸಿದ ನೀರೇ ಹಾಕಿದ. ಅದೆಲ್ಲ ಆಮೇಲಿನ ಮಾತು.

ಆ ದಿನ ನಾವು ಗಡಿಂಗ್ಲಜ ಮುಟ್ಟಿದಾಗ ಐದು ಹೊಡೆಯುವುದಿತ್ತು. ರತ್ನಮಾಲಾಬಾಯಿ ಮತ್ತೆ ಬೆಳಗಿನಿಂದ ಹಸಿದು ಕೂತಿದ್ದರು. ಛಾಯಾ ತಾಟು ಬಡಿಸಿ, "ಅತ್ತಿ, ಇವತ್ತ ಖರೇನ ಹೊತ್ತೈತ್ರಿ," ಎಂದಳು. ಮುದುಕಿ ನಂಬಲಿಲ್ಲ.

"ಆ ಗಾಡಿಯಂವ ಬಂದಾನೇನು? ಅಂವನ್ನ ಕರೀರಿ."

ಹಾಲಸಿದ್ದ ಒಳಗೆ ಬಂದ. ಈ ಸಲ ಮಾತಿನಲ್ಲಿ ಹೇಳಲಿಲ್ಲ. "ಏಳ್ರಿ ಅವ್ವಾ," ಎಂದು ಅವರ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಅಂಗಳಕ್ಕೆ ಕರೆದೊಯ್ದು, ಪಡುವಣದ ಬಿಸಿಲು ಬೀಳುವಲ್ಲಿ ನಿಲ್ಲಿಸಿ, ಅವರ ಅಂಗೈಯನ್ನು ಮೇಲಕ್ಕೆ ತಿರುಗಿಸಿದ.

"ಬಿಸಿ ಹತ್ತೇತೇನ್ರಿ?"

ರತ್ನಮಾಲಾಬಾಯಿ ಅಂಗೈ ಚಾಚಿ ಸ್ವಲ್ಪ ಹೊತ್ತು ನಿಂತರು. ಕುರುಡು ಕಣ್ಣಿನಲ್ಲಿ ನೀರು ಬಂತು. "ಹತ್ತೇತಪ್ಪಾ," ಎಂದರು. "ಭಾಳ ಐತಿ."

"ಹಂಗಾರ ಉಣ್ರಿ. ಅವಸರ ಮಾಡಬ್ಯಾಡ್ರಿ."

ಅಕ್ಕ ತಂಗಿ ಒಂದೇ ತಾಟಿಗೆ ಕೂತರು. ನನ್ನ ಕಣ್ಣೂ ತುಂಬಿತು, ಅದನ್ನು ಮುಚ್ಚಿಡಲು ಮಾವನ ಮನೆಗೆ ಹೊರಟವನಂತೆ ಹೊರಗೆ ಬಂದೆ. ಒಳಗೆ ಕೊನೆಯ ತುತ್ತು ನುಂಗಿ, ಕೊನೆಯ ಗುಟುಕು ನೀರು ಕುಡಿದು, ತಾಟು ಎತ್ತುವವರೆಗೂ ಹಾಲಸಿದ್ದ ಅಲ್ಲಿಂದ ಕದಲಲಿಲ್ಲ. ಚಪ್ಪಲಿ ಬಿಚ್ಚಿ, ಅಂಗಳದ ಹಾಸುಗಲ್ಲಿನ ಮೇಲೆ ಬರಿಗಾಲೂರಿ ನಿಂತು, ಕಲ್ಲಿನ ಕಾವು ಇಳಿಯುತ್ತದೇನೋ ಎಂದು ಅಂಗಾಲಿನಿಂದ ನೋಡುತ್ತಿದ್ದ.